ವಂಕಿ ತೆಗೆಸಬೇಕಾ? ದಾರ ಸಿಗದಿದ್ದರೂ ದಾರಿ ಇದೆ

ಕಾಪರ್ ಟಿ ಅನ್ನಿ, ನಮ್ಮ ಮಂಡ್ಯ ಕಡೆ ಅನ್ನೋ ಹಾಗೆ ವಂಕಿ ಅನ್ನಿ. ಬಸಿರು ನಿಲ್ಲದ ಹಾಗೆ ಗರ್ಭಕೋಶದೊಳಗೆ ಇಡುವ ತಾಮ್ರದ ಚಿಕ್ಕ ಸಾಧನ ಅದು, ತೆಗೆಯುವಾಗ ಹಿಡಿದೆಳೆಯಲು ತುದಿಯಲ್ಲಿ ದಾರ ಇರುತ್ತದೆ. ಹಾಕುವಾಗ ಇರುವ ಅವಸರ ತೆಗೆಯುವಾಗ ಯಾರಿಗೂ ಇರುವುದಿಲ್ಲ. ನನಗೆ ಹೆರಿಗೆಯಾದ ಮಾರನೇ ದಿನವೇ ಹಾಕಿದ್ದರು. ಮೂರು ವರ್ಷದ ಮೇಲೆ ಎರಡನೇ ಮಗು ಬೇಕು ಅನ್ನಿಸಿ ತೆಗೆಸಲು ಹೋದರೆ, 'ಇನ್ನೂ ಏಳು ವರ್ಷ ಐತಲ್ಲವ್ವ, ಈಗ್ಲೇ ಯಾಕೆ?' ಅಂದರು. ಮುಂದಿನ ಸಲ, 'ನಿನ್ ಗಂಡನ್ನ ಕರ್ಕೊಂಡ್ ಬಾ'. ಮೂರನೇ ಸಲ ಹೇಗೋ ಒಳಪರೀಕ್ಷೆಗೆ ಮಲಗಿಸಿದರು. 'ದಾರ ಕಾಣ್ತಿಲ್ಲ, ಬಿದ್ದೋಗಿರ್ಬೇಕು' ಅಂತ ಹೇಳಿ ಕಳಿಸಿದರು. ಬಿದ್ದಿರಲಿಲ್ಲ.

ನನ್ನ ಹಾಗೆ ನೀವೂ ಮೂರು ಸಲ ಬಸ್ ಚಾರ್ಜು ಸುರಿಯಬೇಡಿ.

ಮೊದಲು ಕಾರ್ಡ್ ಹುಡುಕಿ

ವಂಕಿ ಹಾಕಿದ ದಿನ ಒಂದು ಚಿಕ್ಕ ಕಾರ್ಡ್ ಕೊಟ್ಟಿರುತ್ತಾರೆ. ಅದು ಸಿಗದಿದ್ದರೆ ತಾಯಿ ಕಾರ್ಡ್ ಇಲ್ಲವೇ ಡಿಸ್ಚಾರ್ಜ್ ಚೀಟಿ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವ ವಂಕಿ ಎರಡು ಥರ. 380ಎ ಆದರೆ 10 ವರ್ಷ, 375 ಆದರೆ 5 ವರ್ಷ. (380 ಅಂದರೆ ಅದರ ಮೇಲಿರುವ ತಾಮ್ರದ ಅಳತೆ, ಚದರ ಮಿಲಿಮೀಟರಿನಲ್ಲಿ. ನಾನು ಮಾಡೆಲ್ ನಂಬರ್ ಅಂದುಕೊಂಡಿದ್ದೆ.) ಅಷ್ಟು ವರ್ಷದವರೆಗೆ ಕೆಲಸ ಮಾಡುತ್ತದೆ ಅಂತ ಅರ್ಥ, ಅಷ್ಟೂ ವರ್ಷ ಇಟ್ಟುಕೊಳ್ಳಲೇಬೇಕು ಅಂತಲ್ಲ. ಅವಧಿ ಮುಗಿದಿದ್ದರೆ ಮಾತ್ರ ತಡ ಮಾಡಬೇಡಿ. ಮುಟ್ಟು ನಿಂತು ಒಂದು ವರ್ಷ ಕಳೆದವರೂ ತೆಗೆಸಿಬಿಡಬೇಕು. ಅದು ಒಳಗಿದೆ ಅನ್ನೋದನ್ನೇ ಮರೆತವರು ಜಾಸ್ತಿ.

ಕೇಳುವ ರೀತಿ

ಹಾಕಿದ ಆಸ್ಪತ್ರೆಯಲ್ಲೇ ತೆಗೆಸಬೇಕು ಅಂತೇನೂ ಇಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಕಾರಣವನ್ನೂ ಹೇಳಬೇಕಿಲ್ಲ. ಗಂಡನ ಸಹಿ ಬೇಡ. 'ತೆಗೆಸಿಕೊಳ್ಳಬೇಕು' ಅನ್ನುವ ನಿಮ್ಮ ಒಂದು ಮಾತೇ ಸಾಕು. ಆಗಲ್ಲ ಅಂದರೆ, ಯಾಕೆ ಆಗಲ್ಲ ಅಂತ ಚೀಟಿಯಲ್ಲಿ ಬರೆದುಕೊಡಿ ಅನ್ನಿ. ಬರೆಯುವ ಮಾತು ಬಂದರೆ ಧಾಟಿ ಬದಲಾಗುತ್ತದೆ, ಕಂಡಿದ್ದೇನೆ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ದರೆ ಇನ್ನೂ ಸಲೀಸು. ದೂರು ಕೊಡಬೇಕಾದರೆ 104ಕ್ಕೆ ಫೋನ್ ಮಾಡಬಹುದು.

ತಿಂಗಳಿನ ಯಾವ ದಿನವಾದರೂ ತೆಗೆಯಬಹುದು. ಮುಟ್ಟಿನ ದಿನಗಳಲ್ಲಿ ಗರ್ಭಕೋಶದ ಬಾಯಿ ಸ್ವಲ್ಪ ಸಡಿಲ ಇರುವುದರಿಂದ ಸುಲಭ, ಅಷ್ಟೇ.

ತೆಗೆಯುವುದು ಹೇಗೆ?

ಉಚ್ಚೆ ಮಾಡಿ ಬಂದು ಮಲಗಿ. ಒಳಗೆ ಕಾಣುವ ಹಾಗೆ ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಅನ್ನೋ ಉಪಕರಣ ಇಟ್ಟು, ಗರ್ಭಕೋಶದ ಬಾಯಿಯಲ್ಲಿ ಕಾಣುವ ದಾರವನ್ನು ಇಕ್ಕಳದಿಂದ ಹಿಡಿದು ನಿಧಾನವಾಗಿ ಒಂದೇ ಸಮ ಎಳೆಯುತ್ತಾರೆ. ವಂಕಿಯ ಎರಡು ತೋಳು ಮೇಲಕ್ಕೆ ಮಡಚಿಕೊಂಡು ಹೊರಗೆ ಬರುತ್ತದೆ. ಒಂದೆರಡು ನಿಮಿಷದ ಕೆಲಸ. ಮುಟ್ಟಿನ ನೋವಿನಂಥ ಒಂದು ಹಿಂಡು ಹಿಂಡಿ ಬಿಡುತ್ತದೆ. ದಾರ ಕೈಗೆ ತಗಲುತ್ತದೆ ಅಂತ ಮನೆಯಲ್ಲಿ ನೀವೇ ಎಳೆಯಲು ಹೋಗಬೇಡಿ. ಅರ್ಧ ಜಾರಿ ಅಲ್ಲೇ ಸಿಕ್ಕಿಕೊಳ್ಳಬಹುದು, ದಾರವೇ ತುಂಡಾಗಬಹುದು.

ದಾರ ಕಾಣದಿದ್ದರೆ

ಹೆದರಿಕೆ ಶುರುವಾಗುವುದೇ ಇಲ್ಲಿ. ಹೆರಿಗೆಯಾದ ತಕ್ಷಣ ಹಾಕಿಸಿಕೊಂಡವರಿಗೆ ಇದು ಬಹಳ ಸಾಮಾನ್ಯ. ಆಗ ಗರ್ಭಕೋಶ ದೊಡ್ಡದಾಗಿರುತ್ತದೆ, ದಾರ ಸುರುಳಿ ಸುತ್ತಿಕೊಂಡು ಒಳಗೇ ಉಳಿದುಬಿಡುತ್ತದೆ.

ಮೊದಲು ಬಸಿರಿಲ್ಲ ಅಂತ ಉಚ್ಚೆ ಪರೀಕ್ಷೆ ಮಾಡಿಸಿ. ಅದಾಗದೆ ಒಳಗೆ ಉಪಕರಣ ಹಾಕಬಾರದು. ಆಮೇಲೆ ಗರ್ಭಕೋಶದ ಕುತ್ತಿಗೆಯೊಳಗೆ ಸಣ್ಣ ಇಕ್ಕಳವನ್ನೋ ಪುಟ್ಟ ಬ್ರಷ್ಷನ್ನೋ ಮೆಲ್ಲಗೆ ತಿರುಗಿಸಿ ದಾರ ಹುಡುಕುತ್ತಾರೆ. ಬಹಳ ಸಲ ಇಷ್ಟರಲ್ಲೇ ಸಿಗುತ್ತದೆ. ಸಿಗದಿದ್ದರೆ ಸ್ಕ್ಯಾನಿಂಗ್. ವಂಕಿ ಗರ್ಭಕೋಶದಲ್ಲೇ ಇದ್ದರೆ ತಜ್ಞರು ಉದ್ದನೆಯ ಇಕ್ಕಳದಿಂದ ತೆಗೆಯುತ್ತಾರೆ, ಇಲ್ಲವೇ ಸಣ್ಣ ಕ್ಯಾಮೆರಾ ಇಳಿಸಿ ಕಣ್ಣಾರೆ ನೋಡಿಕೊಂಡು ತೆಗೆಯುತ್ತಾರೆ. ಇದಕ್ಕೆ ಮಂಡ್ಯದ ಮಿಮ್ಸ್, ಮೈಸೂರಿನ ಚೆಲುವಾಂಬದಂಥ ದೊಡ್ಡ ಆಸ್ಪತ್ರೆಗೆ ಬರೆದುಕೊಡಿ ಅಂತ ಕೇಳಿ.

ಸ್ಕ್ಯಾನಿಂಗಿನಲ್ಲೂ ಕಾಣದಿದ್ದರೆ? 'ಬಿದ್ದೋಗಿದೆ' ಅನ್ನುವ ಮಾತನ್ನು ಹೊಟ್ಟೆಯ ಎಕ್ಸ್‌ರೇ ಆಗುವವರೆಗೂ ನಂಬಬೇಡಿ. ವಂಕಿ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಅಪರೂಪಕ್ಕೆ, ಸಾವಿರದಲ್ಲಿ ಒಬ್ಬರಿಗೆ ಅನ್ನುವಷ್ಟು, ಅದು ಗರ್ಭಕೋಶದ ಗೋಡೆ ತೂರಿ ಹೊಟ್ಟೆಯೊಳಗೆ ಹೋಗಿರುತ್ತದೆ. ಆಗ ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್, ಬೇಕಾಗುತ್ತದೆ. ಎಲ್ಲಿದೆ ಅಂತ ಗೊತ್ತಾಗುವವರೆಗೆ ಕಾಂಡೋಮ್ ಬಳಸಿ. ಮುಟ್ಟು ತಪ್ಪಿ ಕಿಬ್ಬೊಟ್ಟೆಯ ಒಂದು ಕಡೆ ಜೋರು ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಓಡಿ. ಬಸಿರು ಗರ್ಭಕೋಶದ ಬದಲು ಅದರ ಪಕ್ಕದ ನಳಿಕೆಯಲ್ಲಿ ನಿಂತಿರಬಹುದು.

ನನ್ನದು ಅಷ್ಟು ದೂರ ಹೋಗಲಿಲ್ಲ. ಬೇರೊಂದು ಕಡೆ ಡಾಕ್ಟರಮ್ಮ ಸಣ್ಣ ಇಕ್ಕಳ ಹಾಕಿ, 'ಕೆಮ್ಮಮ್ಮ' ಅಂದರು. ಕೆಮ್ಮಿದೆ. ಸ್ಟೀಲ್ ಟ್ರೇನಲ್ಲಿ ಟಿಣ್ ಅಂತು. ಬಗ್ಗಿ ನೋಡಿದರೆ ಬೆಂಕಿಕಡ್ಡಿಗಿಂತ ಚಿಕ್ಕದು, ಗಾಳದ ದಾರದಂಥ ದಾರ ಉಂಗುರ ಸುತ್ತಿಕೊಂಡಿತ್ತು, ತಾಮ್ರ ಹಳೇ ಚೆಂಬಿನ ಹಾಗೆ ಕಪ್ಪಾಗಿತ್ತು. ನೀವೂ ಹೀಗೆ ನೋಡಲು ಕೇಳಿ. ಎರಡೂ ತೋಳು ಇವೆಯಾ ಅಂತ ನೋಡಿ. ತುಂಡು ಒಳಗೆ ಉಳಿದಿಲ್ಲ ಅಂತ ಅಲ್ಲೇ ಖಾತ್ರಿಯಾಗುತ್ತದೆ.

ಆಮೇಲೆ

ಒಂದೆರಡು ದಿನ ಸ್ವಲ್ಪ ರಕ್ತದ ಕಲೆ ಕಾಣಬಹುದು. ಜ್ವರ, ವಾಸನೆಯ ಬಿಳಿಸೆರಗು, ಕಡಿಮೆಯಾಗದ ಕಿಬ್ಬೊಟ್ಟೆ ನೋವು ಇದ್ದರೆ ಮತ್ತೆ ತೋರಿಸಿ. ಮಗು ಬೇಡದವರು ಒಂದು ಲೆಕ್ಕ ತಿಳಿದಿರಬೇಕು: ತೆಗೆಸುವ ಹಿಂದಿನ ಏಳು ದಿನದಲ್ಲಿ ಗಂಡನ ಜೊತೆ ಸೇರಿದ್ದರೂ ಬಸಿರು ನಿಲ್ಲಬಹುದು. ಅದಕ್ಕೇ ಒಂದು ವಾರ ಮೊದಲೇ ಕಾಂಡೋಮ್ ಶುರು ಮಾಡಿ. ಹೊಸ ವಂಕಿ ಬೇಕಿದ್ದರೆ, ಸೋಂಕು ಇಲ್ಲದಿದ್ದರೆ, ಅದೇ ಹೊತ್ತಿಗೆ ಹಾಕಿಸಬಹುದು. ಅದು ಬೇಡದವರಿಗೆ ಮೂರು ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್ ಇದೆ, ಛಾಯಾ ಮಾತ್ರೆ ಇದೆ.

ಮಗು ಬೇಕಿದ್ದವರು ಕಾಯಬೇಕಿಲ್ಲ. 'ಗರ್ಭಕೋಶಕ್ಕೆ ಮೂರು ತಿಂಗಳು ರೆಸ್ಟ್ ಕೊಡು' ಅಂತ ನಮ್ಮತ್ತೆ ಹೇಳಿದ್ದರು. ಅದರ ಅಗತ್ಯವೇನೂ ಇಲ್ಲವಂತೆ. ಡಾಕ್ಟರಮ್ಮ ಅಲ್ಲೇ ಚೀಟಿಯಲ್ಲಿ ಫೋಲಿಕ್ ಆಸಿಡ್ ಮಾತ್ರೆ ಬರೆದು, 'ಇವತ್ತಿಂದಲೇ ನುಂಗು' ಅಂದರು.