ಬಾವಲಿಯ ಮೇಲಿನ ಅರ್ಧ ಸಿಕ್ಕಾ

1984ರಲ್ಲಿ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಟಪಾಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಜರ್ಮನಿಯ ಒಬ್ಬ ಗಿರಾಕಿಯಿಂದ ಆಗಾಗ ಪಾಕೀಟು ಬರುತ್ತಿತ್ತು. ಒಂದು ಸಲ ಅದರ ಅಂಚೆಚೀಟಿಯ ಮೇಲೆ ಒಂದು ಬಾವಲಿ. ಜೀವಂತದ್ದಲ್ಲ, ಕಲ್ಲಾಗಿ ಹೋದದ್ದು. ಮ್ಯಾನೇಜರ್ ಸಾಹೇಬರನ್ನು ಕೇಳಿದೆ. "ಒಯ್ಯಪಾ, ಹರಕ ಪಾಕೀಟಿಗೆ ಯಾರ್ ರೊಕ್ಕ ಕೇಳ್ತಾರ" ಅಂದರು.

ಖುಷಿಯಲ್ಲಿ ಉಗುರು ಹಾಕಿ ಚೀಟಿಯನ್ನು ಕಿತ್ತೆ. ಒಂದು ಮೂಲೆಯ ಹಲ್ಲು ಹೋಯಿತು, ಬೆನ್ನಿನ ಕಾಗದ ತೆಳ್ಳಗಾಯಿತು. ಪಾಕೀಟು ಚಹಾದ ಒಲೆಗೆ ಹೋಯಿತು. ಈಗ ಚೀಟಿಯ ಮೇಲೆ ಉಳಿದಿರುವುದು ಅರ್ಧ ಸಿಕ್ಕಾ (ಅಂಚೆಯವರು ಹೊಡೆಯುವ ಮುದ್ರೆ), ಅದರಲ್ಲಿ ಎರಡು ಅಂಕಿ. ಯಾವ ಊರು, ಯಾವ ತಾರೀಖು ಅಂತ ಇವತ್ತಿಗೂ ಗೊತ್ತಿಲ್ಲ.

ಆ ಬಾವಲಿ ಸಿಕ್ಕಿದ್ದು ಮೆಸೆಲ್ ಎಂಬಲ್ಲಿಯ ಹಳೆಯ ಗಣಿಯಲ್ಲಿ. ಸುಮಾರು 4.8 ಕೋಟಿ ವರ್ಷ ಹಳೆಯದು. ಪಶ್ಚಿಮ ಜರ್ಮನಿ 1978ರಲ್ಲಿ ಅಲ್ಲಿಯ ಬಾವಲಿಗೆ 80 ಫೆನಿಗ್, ಪುಟ್ಟ ಕುದುರೆಗೆ 200 ಫೆನಿಗ್ ಚೀಟಿ ತಂದಿತ್ತು. ಆ ಗಣಿಯನ್ನು ಕಸ ತುಂಬುವ ಗುಂಡಿ ಮಾಡುವ ಯೋಜನೆ ಇತ್ತಂತೆ! 1995ರಲ್ಲಿ ಅದೇ ಜಾಗ ಯುನೆಸ್ಕೋ ಪಟ್ಟಿ ಸೇರಿತು. ಡೈನೋಸಾರ್‌ಗಳು ಅಳಿದು ಬಹಳ ಕಾಲದ ಮೇಲಿನ ಪ್ರಾಣಿ ಅದು. ಹಾಗಾಗಿ ನನ್ನ ಡೈನೋಸಾರ್ ಆಲ್ಬಮ್‌ನ ಮೊದಲ ಪುಟದಲ್ಲಿ ಡೈನೋಸಾರೇ ಇಲ್ಲ.

ಚೀಟಿ ಬಿಡಿಸುವುದನ್ನು ಆಮೇಲೆ ಕಲಿತೆ. ಸುತ್ತ ಒಂದು ಬೆರಳಿನಷ್ಟು ಕಾಗದ ಬಿಟ್ಟು ಕತ್ತರಿಸಬೇಕು. ಉಗುರುಬೆಚ್ಚಗಿನ ನೀರಲ್ಲಿ ಚಿತ್ರ ಮೇಲಾಗಿ ತೇಲಿಬಿಡಬೇಕು. ಹದಿನೈದಿಪ್ಪತ್ತು ನಿಮಿಷಕ್ಕೆ ಅದೇ ಜಾರುತ್ತದೆ. ಎಳೆಯಬಾರದು. ಬಣ್ಣದ ಪಾಕೀಟಾದರೆ ಬೇರೆ ಬಟ್ಟಲು. ಒಮ್ಮೆ ಕೆಂಪು ಪಾಕೀಟಿನ ತುಂಡು ಸೇರಿಸಿಬಿಟ್ಟು ಹನ್ನೊಂದು ಚೀಟಿ ಗುಲಾಬಿ ಮಾಡಿಕೊಂಡಿದ್ದೇನೆ. ಒಣಗಿಸುವಾಗ ಮುಖ ಕೆಳಗೆ, ಆಮೇಲೆ ದಪ್ಪ ಪುಸ್ತಕದಡಿ ಒಂದು ರಾತ್ರಿ. ಕೈಯಲ್ಲಿ ಮುಟ್ಟದೆ ಚಿಮಟ ಬಳಸಿ. ಆದರೆ ಸಿಕ್ಕಾ ಚೆನ್ನಾಗಿ ಬಿದ್ದಿದ್ದರೆ ಬಿಡಿಸಲೇಬೇಡಿ, ಪಾಕೀಟೇ ಇಟ್ಟುಕೊಳ್ಳಿ.

ಶುರುವಿನ ವರ್ಷಗಳಲ್ಲಿ ನಾನು ಹಾಳುಮಾಡಿದ ದುಡ್ಡೂ ಸಿಕ್ಕಾದ ವಿಷಯದಲ್ಲೇ. ಪೋಲೆಂಡ್ 1965ರಲ್ಲಿ ಹತ್ತು ಚೀಟಿಗಳ ಸೆಟ್ ತಂದಿತ್ತು, ಬಣ್ಣ ಬಣ್ಣದ ಪ್ರಾಚೀನ ಪ್ರಾಣಿಗಳು. ಮೂಲೆಯಲ್ಲಿ ಅಚ್ಚುಕಟ್ಟಾಗಿ ಕಾಲುಭಾಗ ಸಿಕ್ಕಾ ಇರುವ ಸೆಟ್ ತಗೊಂಡೆ. ತಿರುಗಿಸಿ ನೋಡಿದರೆ ಬೆನ್ನಲ್ಲಿ ಅಂಟು ಹಾಗೇ ಇದೆ! ಅಂದರೆ ಯಾವ ಪಾಕೀಟಿಗೂ ಅಂಟಿದ್ದಲ್ಲ. ಸಂಗ್ರಹಗಾರರಿಗೆ ಮಾರಲೆಂದೇ ಹಾಳೆಗಟ್ಟಲೆ ಸಿಕ್ಕಾ ಹೊಡೆದದ್ದು. ಮೋಸ ಅನ್ನಲಾಗದು, ಆದರೆ ನನಗೆ ರುಚಿಸಲಿಲ್ಲ. ಅದಕ್ಕಿಂತ ಕೆಟ್ಟದ್ದು ಯಾವುದೋ ದೇಶದ ಹೆಸರಲ್ಲಿ ಆ ದೇಶಕ್ಕೇ ಗೊತ್ತಿಲ್ಲದೆ ಅಚ್ಚಾಗುವ ನಕಲಿ ಹಾಳೆಗಳು. ಡೈನೋಸಾರ್ ಅಂದರೆ ಮಕ್ಕಳು ಬೀಳುತ್ತಾರೆ ಅಂತ ಅದರಲ್ಲಿ ಇವೇ ಜಾಸ್ತಿ. 2002ರ ನಂತರದ್ದಾದರೆ ವಿಶ್ವ ಅಂಚೆ ಒಕ್ಕೂಟದ ಡಬ್ಲ್ಯೂಎನ್ಎಸ್ ಪಟ್ಟಿಯಲ್ಲಿ, ಅಂದರೆ ದೇಶಗಳು ತಮ್ಮ ಅಸಲಿ ಚೀಟಿಗಳನ್ನು ದಾಖಲಿಸುವ ಪಟ್ಟಿಯಲ್ಲಿ ಹುಡುಕುತ್ತೇನೆ. ಎಲ್ಲ ದೇಶಗಳೂ ಅದರಲ್ಲಿಲ್ಲ, ಆದರೂ ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ.

ನಮ್ಮ ದೇಶದ ಒಂದು ಚೀಟಿ ಹೇಳಲೇಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ನೂರು ವರ್ಷವಾದಾಗ, 1951ರ ಜನವರಿಯಲ್ಲಿ ಬಂದ ಎರಡಾಣೆಯದು. ಅದರಲ್ಲಿರುವುದು ಸ್ಟೆಗೊಡಾನ್ ಗಣೇಶ. ಆನೆಯ ಹಳೆಯ ಬಳಗ, ಉದ್ದುದ್ದ ದಂತ. ಶಿವಾಲಿಕ ಬೆಟ್ಟಗಳಲ್ಲಿ ಎಲುಬು ಸಿಕ್ಕಿತ್ತು. ಪಳೆಯುಳಿಕೆ ಚೀಟಿ ಕೂಡಿಡುವವರು ತಮ್ಮ ಸಾಲಿನ ಮೊದಲ ಚೀಟಿ ಅಂತ ಇದನ್ನೇ ಎಣಿಸುತ್ತಾರೆ. ಡೈನೋಸಾರ್ ಬಂದದ್ದು ಏಳು ವರ್ಷ ತಡವಾಗಿ, 1958ರಲ್ಲಿ ಚೀನಾದಿಂದ, ಲುಫೆಂಗೋಸಾರಸ್. ನನ್ನ ಎರಡಾಣೆ ಚೀಟಿ ವಿಜಯಪುರದ ಗೆಳೆಯನಿಂದ ಬಂತು. ಬದಲಿಗೆ ಅವನು ಕೇಳಿದ್ದು 1949ರ ಆರಾಣೆಯ ಗೋಳಗುಮ್ಮಟ. ಊರ ಅಭಿಮಾನ ನೋಡಿ! ಗಣೇಶನ ಹಬ್ಬದ ಹಿಂದಿನ ದಿನವೇ ಕೊಟ್ಟ. ಮನೆಯವಳು ಅದನ್ನೂ ಮಂಟಪದಲ್ಲಿ ಇಡೋಣ ಅಂದಳು. ಎಣ್ಣೆ ದೀಪದ ಹತ್ತಿರ? ಬೇಡ ಅಂದೆ.

ಹುಡುಗರು ನಮ್ಮ ಸುತ್ತಮುತ್ತ ಡೈನೋಸಾರ್ ಎಲುಬು ಸಿಗುತ್ತಾ ಅಂತ ಕೇಳುತ್ತಾರೆ. ಬೆಳಗಾವಿಯ ಕರಿಕಲ್ಲು ಲಾವಾ ಹರಿದು ಆರಿದ್ದು. ಡೈನೋಸಾರ್‌ಗಳು ಅಳಿದ ಹೊತ್ತಿನದೇ, ಸುಮಾರು 6.6 ಕೋಟಿ ವರ್ಷದ್ದು. ಬೆಂಕಿಯಲ್ಲಿ ಏನು ಉಳಿದೀತು? ಆ ಕಡೆ ಬಾಗಲಕೋಟೆಯ ಕಲಾದಗಿ ಕಲ್ಲುಗಳೋ ನೂರು ಕೋಟಿ ವರ್ಷಕ್ಕೂ ಹಳೆಯವು. ಅಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಇದೆ, ಎಲುಬಿನ ಪ್ರಾಣಿ ಇನ್ನೂ ಹುಟ್ಟೇ ಇರಲಿಲ್ಲ. ನಮಗೆ ಟಪಾಲೇ ಗತಿ.

ಮಳೆಗಾಲದ ಬಗ್ಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಪ್ಪಳವೂ ಮೆತ್ತಗಾಗುತ್ತದೆ, ಅಂಟು ಉಳಿಯುತ್ತಾ? ಆಲ್ಬಮ್ ಮಲಗಿಸದೆ ನಿಲ್ಲಿಸಿ ಇಡಿ, ಜೊತೆಗೆ ಸಿಲಿಕಾ ಜೆಲ್ ಪುಡಿಕೆ.

ಅಮೆರಿಕದ ಕೊಲೊರಾಡೊದಲ್ಲಿ ಡೈನೋಸಾರ್ ಅಂತಲೇ ಒಂದು ಊರಿದೆ. ಮೊದಲು ಆರ್ಟೀಸಿಯಾ ಅಂತಿತ್ತು, 1966ರಲ್ಲಿ ಹೆಸರು ಬದಲಿಸಿಕೊಂಡರು. ಅಲ್ಲಿ ಪೋಸ್ಟಾಫೀಸೂ ಇದೆ. ತಂಗಿಯ ಮಗ 2023ರಲ್ಲಿ ಆ ಕಡೆ ತಿರುಗಾಡಲು ಹೊರಟಾಗ ಮೂರು ಮಾತು ಹೇಳಿಕೊಟ್ಟೆ. 1989ರ 25 ಸೆಂಟಿನ ಡೈನೋಸಾರ್ ಚೀಟಿಗಳನ್ನೇ ಹಚ್ಚು, ಹಳೆಯವು ಅಲ್ಲಿ ಈಗಲೂ ನಡೆಯುತ್ತವೆ. ಇಲ್ಲಿಗೆ ಕಳಿಸುವ ಪಾಕೀಟಿನ ಒಂದೂವರೆ ಡಾಲರ್‌ಗೆ ಆರು ಬೇಕು. ಡಬ್ಬಿಗೆ ಹಾಕಬೇಡ, ಕಿಟಕಿಯಲ್ಲಿ ನಿಂತು ಕೈಯಿಂದ ಸಿಕ್ಕಾ ಹೊಡೆಸು.

ಆ ಚೀಟಿಗಳದ್ದೂ ಒಂದು ಜಗಳವಿದೆ. ಒಂದರ ಮೇಲೆ ಬ್ರಾಂಟೊಸಾರಸ್ ಅಂತ ಅಚ್ಚಾಗಿತ್ತು. ಅದು ಅಪಾಟೊಸಾರಸ್, ಹೆಸರು ತಪ್ಪು ಅಂತ ಬಲ್ಲವರು ಹರಿಹಾಯ್ದರು. 2015ರಲ್ಲಿ ಒಂದು ಅಧ್ಯಯನ ಬ್ರಾಂಟೊಸಾರಸ್ ಬೇರೆಯೇ ಅಂದಿತು. ಇನ್ನೊಂದರಲ್ಲಿರುವ ಟೆರನೊಡಾನ್ ಹಾರುವ ಪ್ರಾಣಿ, ಡೈನೋಸಾರೇ ಅಲ್ಲ.

ಪಾಕೀಟು ಬಂತು. ಊರಿನ ಹೆಸರು ಪೂರ್ತಿ, ತಾರೀಖು ಪೂರ್ತಿ, ಗುಂಡಗಿನ ಸಿಕ್ಕಾ. ಆದರೆ ದಾರಿಯಲ್ಲಿ ಯಾರೋ ಪುಣ್ಯಾತ್ಮರು ಬ್ರಾಂಟೊಸಾರಸ್‌ನ ಕುತ್ತಿಗೆ ಮೇಲೆ ಬಾಲ್‌ಪೆನ್ನಿನ ಗೆರೆ ಎಳೆದಿದ್ದರು. ಹುಡುಗನಿಗೆ ಫೋನಿನಲ್ಲಿ ಹೇಳಿದೆ.

"ಹಂಗಾದ್ರ ಇನ್ನೊಂದು ಮಾಡಿಸ್ತೀನಿ ಮಾಮಾ. ಈ ಸಲ ದೊಡ್ಡ ಪಾಕೀಟಿನೊಳಗ ಇಟ್ಟು ಕಳಸ್ತೀನಿ, ಒಂದು ಗೆರಿನೂ ಬೀಳಂಗಿಲ್ಲ."

"ಬ್ಯಾಡಪಾ," ಅಂದೆ. "ಹಂಗ ಬರ್ಲಿ."