ಇಂಗ್ಲೆಂಡಿನಲ್ಲಿ ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸಿದ ಮೇಲೆ ‘ಟ್ರ್ಯಾಕಿಂಗ್’ ಕೇಳಬೇಡಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜುಗಳಲ್ಲಿ ಅಲೈನ್‌ಮೆಂಟ್ (ಗಾಲಿಗಳು ನಿಲ್ಲುವ ಕೋನ) ವಿಷಯದಲ್ಲಿ ಬೆಳೆದ ಅಭ್ಯಾಸ ಒಂದಿದೆ: ‘ಮುಂದಿಂದ್ ಸರಿ ಮಾಡಿದ್ರ ಆತು.’ ಸ್ವಿಫ್ಟ್, ವ್ಯಾಗನ್ಆರ್, ಐ20 ಗಾಡಿಗಳಿಗೆ ಅದು ನಡೆಯುತ್ತದೆ. ಅವುಗಳ ಹಿಂದಿರುವುದು ಟಾರ್ಷನ್ ಬೀಮ್, ಅಂದರೆ ಎರಡೂ ಗಾಲಿ ಸೇರಿಸುವ ಒಂದೇ ತೊಲೆ, ಅಲ್ಲಿ ತಿರುವಲು ಬೋಲ್ಟೇ ಇಲ್ಲ. ಇಂಗ್ಲೆಂಡಿಗೆ ಬಂದವರು ಕೊಳ್ಳುವ ಹಳೆಯ ಫೋಕಸ್ ಅಥವಾ ಐದು-ಆರನೇ ತಲೆಮಾರಿನ ಗಾಲ್ಫ್ ಹಾಗಲ್ಲ. ಅವುಗಳ ಹಿಂದೆ ಮಲ್ಟಿಲಿಂಕ್ (ಪ್ರತಿ ಗಾಲಿಯನ್ನು ಹಲವು ಆರ್ಮ್, ಅಂದರೆ ತೋಳುಗಳಿಂದ ಹಿಡಿಯುವ ಜೋಡಣೆ) ಇದೆ, ಟೋ (ಗಾಲಿ ಒಳಕ್ಕೋ ಹೊರಕ್ಕೋ ಮುಖ ಮಾಡುವ ಕೋನ) ಹೊಂದಿಸುವ ಎಕ್ಸೆಂಟ್ರಿಕ್ ಬೋಲ್ಟ್ ಕೂಡ ಇದೆ, ಅದನ್ನು ತಿರುವಿದರೆ ಆರ್ಮ್ ಸರಿಯುತ್ತದೆ.

ಶಾಕ್ ಬದಲಿಸಿದ ಮಾತ್ರಕ್ಕೆ ಈ ಗಾಡಿಗಳಲ್ಲಿ ಅಲೈನ್‌ಮೆಂಟ್ ಕೆಡುವುದಿಲ್ಲ. ಶಾಕ್ ಗಾಲಿಯ ಕುಣಿತ ತಡೆಯುತ್ತದೆ, ಕೋನ ಹಿಡಿಯುವುದಿಲ್ಲ. ಹಿಂದೆ ಸ್ಟ್ರಟ್ (ಗಾಲಿಯನ್ನೂ ಹಿಡಿದಿರುವ ಶಾಕ್) ಇರುವ ಗಾಡಿಗಳಲ್ಲಿ ಮಾತ್ರ ಕ್ಯಾಂಬರ್, ಅಂದರೆ ಗಾಲಿಯ ವಾಲಿಕೆ, ಬದಲಾಗಬಹುದು. ಕೆಡಿಸುವುದು ಕೆಲಸದ ರೀತಿ. ಸ್ಪ್ರಿಂಗ್ ತೆಗೆಯಲೆಂದು ಆರ್ಮ್‌ನ ಎಕ್ಸೆಂಟ್ರಿಕ್ ಬೋಲ್ಟ್ ಸಡಿಲಿಸುತ್ತಾರೆ, ಅದರ ಮೊದಲಿನ ಸ್ಥಾನಕ್ಕೆ ಪೇಂಟ್ ಗುರುತು ಹಾಕಿರುವುದಿಲ್ಲ. ಎರಡನೆಯದು, ಗಾಡಿ ಜಾಕ್ ಮೇಲಿದ್ದು ಗಾಲಿ ಜೋತುಬಿದ್ದಾಗಲೇ ಬೋಲ್ಟ್ ಪೂರ್ತಿ ಬಿಗಿಯುತ್ತಾರೆ. ಆರ್ಮ್ ಕೀಲಿನ ರಬ್ಬರ್ ಬುಷ್ ಆ ಭಂಗಿಯಲ್ಲೇ ಕಚ್ಚಿಕೊಂಡು, ಗಾಡಿ ಇಳಿಸಿದಾಗ ತಿರುಚುತ್ತದೆ. ಹಿಂಭಾಗ ಎತ್ತರ ನಿಲ್ಲುತ್ತದೆ, ಬುಷ್ ಬೇಗ ಹರಿಯುತ್ತದೆ. ಗಾಲಿಯ ಮೇಲೆ ಗಾಡಿಯ ಭಾರ ಬಿದ್ದ ನಂತರವೇ ಕೊನೆಯ ಬಿಗಿತ. ಇದನ್ನು ಮೆಕ್ಯಾನಿಕ್ಕಿಗೆ ಬಾಯಿಬಿಟ್ಟು ಹೇಳಿ.

ಇನ್ನು ದುಡ್ಡು ಹೋಗುವ ಜಾಗ. ಇಲ್ಲಿನ ಟೈರ್ ಅಂಗಡಿಯಲ್ಲಿ ‘ಟ್ರ್ಯಾಕಿಂಗ್’ ಅಂದರೆ ಮುಂದಿನ ಎರಡು ಗಾಲಿಯ ಟೋ ಅಷ್ಟೇ. ಹಿಂದಿನ ಗಾಲಿಗಳು ಓರೆಯಾಗಿಯೇ ತಳ್ಳುತ್ತಿರುತ್ತವೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸೊಟ್ಟ ನಿಲ್ಲುತ್ತದೆ, ಮತ್ತೆ ಟ್ರ್ಯಾಕಿಂಗ್, ಮತ್ತೆ ಬಿಲ್. ಅಷ್ಟರಲ್ಲಿ ಹಿಂದಿನ ಟೈರಿನ ಒಳಅಂಚು ತಿಂದುಹೋಗಿರುತ್ತದೆ, ಬಗ್ಗಿ ನೋಡದಿದ್ದರೆ ಕಾಣುವುದೇ ಇಲ್ಲ. ‘ಫೋರ್ ವ್ಹೀಲ್ ಅಲೈನ್‌ಮೆಂಟ್’ ಎಂದೇ ಕೇಳಿ. ಮೊದಲು ಹಿಂದಿನದು, ಆಮೇಲೆ ಮುಂದಿನದು. ಮೊದಲಿನ ಮತ್ತು ನಂತರದ ಅಂಕಿಗಳಿರುವ ಪ್ರಿಂಟ್ ಕೈಗೆ ಬಾರದೆ ಹಣ ಕೊಡಬೇಡಿ. ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಹಿಂದಿನದನ್ನು ಹಾಗೇ ಬಿಟ್ಟುಬಿಡುತ್ತಾರೆ. ಮಿತಿ ಮೀರಿದ ಆ ಅಂಕಿ ಪ್ರಿಂಟಿನಲ್ಲಿ ಕೆಂಪಗೆ ಉಳಿದಿರುತ್ತದೆ.

‘ಎಂಒಟಿ ಪಾಸ್ ಆಗೇತಿ, ಇನ್ನೇನ್ ಬೇಕ್ರಿ?’ ಎನ್ನುವವರಿಗೆ: ಎಂಒಟಿ ಎಂಬುದು ಇಲ್ಲಿನ ವರ್ಷದ ಗಾಡಿ ತಪಾಸಣೆ, ಅದರಲ್ಲಿ ಅಲೈನ್‌ಮೆಂಟ್ ಅಳೆಯುವುದಿಲ್ಲ. ಟೈರಿನ ಗೆರೆಗಳು ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕೆಂಬ ಲೆಕ್ಕವೂ ನಡುವಿನ ಮುಕ್ಕಾಲು ಅಗಲಕ್ಕೆ ಮಾತ್ರ, ಅಂಚು ಬೋಳಾದರೂ ಪಾಸಾಗಬಹುದು. ಆದರೆ ಆಮೇಲೆ ಸವೆದು ಟೈರಿನೊಳಗಿನ ದಾರ ಕಂಡಿತೋ, ಪ್ರತಿ ಟೈರಿಗೆ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸಿನ ಮೇಲೆ 3 ಪೆನಾಲ್ಟಿ ಪಾಯಿಂಟ್. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ 12 ತಿಂಗಳಿಗಷ್ಟೇ, ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಿ ಪಡೆದ ಹೊಸ ಲೈಸೆನ್ಸಿಗೆ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಬಿದ್ದರೆ ರದ್ದು. ಹಿಂದಿನ ಎರಡು ಟೈರೇ ಸಾಕು.

ವರ್ಷಕ್ಕೊಮ್ಮೆ ಗಾಡಿ ನೋಡುವ ಇಲ್ಲಿನ ಪದ್ಧತಿ, ಸ್ವಂತ ಕಾರಿನ ಫಿಟ್‌ನೆಸ್ ಅನ್ನು 15 ವರ್ಷ ಯಾರೂ ಕೇಳದ ನಮ್ಮದಕ್ಕಿಂತ ಖಂಡಿತ ಮೇಲು. ಆದರೆ ಹುಬ್ಬಳ್ಳಿಯ ಮೇಸ್ತ್ರಿ ‘ಬರ್ರಿ, ನೋಡ್ರಿ’ ಎಂದು ಗಾಡಿಯ ಕೆಳಗೇ ಕರೆದು ತೋರಿಸುತ್ತಾನೆ. ಇಲ್ಲಿ ಕಾಫಿ ಕೊಟ್ಟು ಕುರ್ಚಿಯಲ್ಲಿ ಕೂರಿಸುತ್ತಾರೆ.