ಬೆಕ್ಕಿನ ಮರಿಗೆ ಮೆಟ್ಟಿಲು ಇಳಿಯುವುದನ್ನು ಕಲಿಸಿ

ಬೆಕ್ಕು ಎಲ್ಲಿಂದ ಬಿದ್ದರೂ ನಾಲ್ಕು ಕಾಲಿನ ಮೇಲೆಯೇ ನಿಲ್ಲುತ್ತದೆ ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಮೊನ್ನೆ ನನ್ನ ತಂಗಿಯ ಮೊಮ್ಮಗಳು ಐದು ವಾರದ ಮರಿಯೊಂದನ್ನು ಎಲ್ಲಿಂದಲೋ ಎತ್ತಿ ತಂದು, ಮಹಡಿಯ ಮೆಟ್ಟಿಲಿನ ತಲೆಯಲ್ಲೇ ಅದನ್ನು ಆಡಲು ಬಿಟ್ಟು, ತಾನು ಫೋನು ಹಿಡಿದು ಅದರ ಚಿತ್ರ ತೆಗೆಯುತ್ತಾ ಕುಳಿತಿದ್ದಳು. ನಾನು ಗದರಿದರೆ ಇದೇ ಮಾತನ್ನು ನನಗೆ ತಿರುಗಿ ಹೇಳಿದಳು. ಎಂಟು ವಾರವಾದರೂ ತಾಯಿಯ ಬಳಿ ಇರಬೇಕಾದ ಮರಿಯನ್ನು ಐದಕ್ಕೇ ಬಿಡಿಸಿ ತಂದದ್ದು ಒಂದು ತಪ್ಪು, ತಂದ ಮೇಲೆ ಮೆಟ್ಟಿಲಿಗೆ ಒಂದು ಅಡ್ಡ ಹಲಗೆಯನ್ನೂ ಇಡದಿದ್ದದ್ದು ಇನ್ನೊಂದು ತಪ್ಪು.

1894ರಲ್ಲಿ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಎಂಬ ವಿಜ್ಞಾನಿ, ಬೆನ್ನು ಕೆಳಗಾಗಿ ಹಿಡಿದು ಬಿಟ್ಟ ಬೆಕ್ಕು ಗಾಳಿಯಲ್ಲಿಯೇ ಮೈ ತಿರುಚಿಕೊಂಡು ನೆಟ್ಟಗಾಗುವುದನ್ನು ಸಾಲು ಸಾಲು ಚಿತ್ರಗಳಲ್ಲಿ ಹಿಡಿದು ತೋರಿಸಿದ್ದು ನಿಜ. ಆದರೆ ಆ ವಿದ್ಯೆಯನ್ನು ಮರಿಯು ಹೊಟ್ಟೆಯಿಂದಲೇ ಕಲಿತು ಬರುವುದಿಲ್ಲ. ಅದು ಮೂರು-ನಾಲ್ಕನೆಯ ವಾರದಲ್ಲಿ ಮೊಳೆಯಲು ತೊಡಗಿ, ಆರು-ಏಳನೆಯ ವಾರದ ಹೊತ್ತಿಗೆ ಒಂದು ಹದಕ್ಕೆ ಬರುತ್ತದೆ. ಹದಕ್ಕೆ ಬಂದರೂ ಮೈ ತಿರುಗಿಸಲು ಒಂದಿಷ್ಟು ಬಯಲು ಬೇಕಲ್ಲವೇ? ಮೆಟ್ಟಿಲಿನಲ್ಲಿ ಬೀಳುವ ಮರಿ ಗಾಳಿಯಲ್ಲಿ ಬೀಳುವುದಿಲ್ಲ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಲೆ, ಬೆನ್ನು, ಮೂತಿ ಬಡಿಸಿಕೊಳ್ಳುತ್ತಾ ಉರುಳುತ್ತದೆ. ಐದು ವಾರದ ಮರಿಯ ತೂಕ ಹೆಚ್ಚೆಂದರೆ ಅರ್ಧ ಕಿಲೋ, ನಿಂತರೆ ಅದರ ಎತ್ತರ ಅಂಗೈ ಅಗಲಕ್ಕಿಂತ ತುಸು ಹೆಚ್ಚು. ಒಂದು ಗೇಣಿಗೆ ಸ್ವಲ್ಪ ಕಡಿಮೆಯಿರುವ ನಮ್ಮ ಮೆಟ್ಟಿಲು ಅದಕ್ಕೆ ತನ್ನ ತಲೆಗಿಂತ ಎತ್ತರದ ಗೋಡೆ.

ಇನ್ನು, ಮರಿಯು ಮೆಟ್ಟಿಲು ಹತ್ತಲು ಕಲಿತ ದಿನ ಮನೆಯವರೆಲ್ಲ ಹಿಗ್ಗುತ್ತಾರೆ, ನಾನು ಆ ದಿನವೇ ಹೆದರುತ್ತೇನೆ. ಹತ್ತುವುದು ಬೆಕ್ಕಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಅದರ ಉಗುರುಗಳು ಕೊಕ್ಕೆಯಂತೆ ಬಾಗಿರುವುದರಿಂದ, ಮೇಲಕ್ಕೆ ಹೋಗುವಾಗ ಮೈಭಾರವೇ ಉಗುರನ್ನು ಬಿಗಿಯಾಗಿ ಸಿಕ್ಕಿಸುತ್ತದೆ. ತಲೆ ಕೆಳಗೆ ಮಾಡಿ ಇಳಿಯುವಾಗ ಅದೇ ಕೊಕ್ಕೆ ತಿರುಗುಮುರುಗಾಗಿ ಏನನ್ನೂ ಹಿಡಿಯುವುದಿಲ್ಲ. ಮರಿಯ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು. ಮುಂಗಾಲು ಕೆಳಗಿಟ್ಟೊಡನೆ ಭಾರವೆಲ್ಲ ಮುಂದಕ್ಕೆ ಬಂದು, ಹಿಂಭಾಗವು ತಲೆಯನ್ನು ದಾಟಿ ಲಾಗ ಹೊಡೆಯುತ್ತದೆ. ಆದ್ದರಿಂದ ನಾಲ್ಕೈದು ಮೆಟ್ಟಿಲು ತಾನೇ ಹತ್ತಿದ ಮರಿ ಅಲ್ಲೇ ಕುಳಿತು ಅಳುವುದು ತುಂಟತನವಲ್ಲ, ಇಳಿಯುವ ದಾರಿ ಅದಕ್ಕೆ ಗೊತ್ತೇ ಇಲ್ಲ. ಆಗ ನೀವು ಧಡಧಡನೆ ಮೇಲೇರಿ ಹೋದರೆ ಅದು ಬೆದರಿ ಇನ್ನೂ ಎರಡು ಮೆಟ್ಟಿಲು ಮೇಲೆ ಹೋಗುತ್ತದೆ, ಇಲ್ಲವೇ ಬದಿಗೆ ಹಾರುತ್ತದೆ. ನಿಧಾನವಾಗಿ ಹೋಗಿ, ಅದಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಕುಳಿತು, ಒಂದು ಕೈಯನ್ನು ಎದೆಯ ಕೆಳಗೆ, ಇನ್ನೊಂದನ್ನು ಹಿಂಭಾಗದ ಕೆಳಗೆ ಕೊಟ್ಟು ಮೈಗೊತ್ತಿಕೊಂಡು ಇಳಿಸಬೇಕು. ಒಂದೇ ಕೈಯಲ್ಲಿ ಹೊಟ್ಟೆ ಹಿಡಿದು ತೂಗಾಡಿಸುತ್ತಾ ತರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಲಿಸುವವರೆಗೆ ಅಡ್ಡಗಟ್ಟುವುದು ಮೊದಲ ಕೆಲಸ. ಇಲ್ಲಿಯೂ ಈಗಿನವರು ಮಾಡುವ ತಪ್ಪು ಒಂದೇ ರೀತಿಯದು: ಹಳೆಯ ದುಪ್ಪಟಿಯನ್ನೋ ಟವೆಲನ್ನೋ ಮೆಟ್ಟಿಲಿಗೆ ಅಡ್ಡಲಾಗಿ ಕಟ್ಟಿಬಿಡುತ್ತಾರೆ. ಬಟ್ಟೆಯೆಂದರೆ ಮರಿಗೆ ಏಣಿ. ನಾನೂ ಮದುವೆಯಾದ ಹೊಸದರಲ್ಲಿ ಇದೇ ಬುದ್ಧಿಗೇಡಿ ಕೆಲಸ ಮಾಡಿದ್ದೆ. ಕೈಪಿಡಿಯ ಕಂಬಿಗಳ ಸಂದಿಯಲ್ಲಿ ಮರಿ ನುಸುಳದಿರಲೆಂದು ಉದ್ದಕ್ಕೂ ದುಪ್ಪಟಿ ಇಳಿಬಿಟ್ಟಿದ್ದೆ. ಆರು ವಾರದ ಕಂದು ಮರಿಯೊಂದು ಅದರಲ್ಲಿ ಉಗುರು ಸಿಕ್ಕಿಸಿಕೊಂಡು ಕೈಪಿಡಿಯ ಮೇಲಕ್ಕೇ ಏರಿ, ಆಚೆಯ ಬದಿಗೆ ಬಿತ್ತು. ಅಡುಗೆಮನೆಯಲ್ಲಿದ್ದ ನನಗೆ ಒದ್ದೆ ಬಟ್ಟೆ ನೆಲಕ್ಕೆ ಬಿದ್ದಂತಹ ಸದ್ದು ಮಾತ್ರ ಕೇಳಿಸಿತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ಎಂಟು ದಿನ ಕುಂಟಿದ ಆ ಮರಿಯ ಮುಖವನ್ನು ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಅಡ್ಡಗಟ್ಟಲು ನುಣುಪಾದ ಹಲಗೆಯೇ ಆಗಬೇಕು. ಪ್ಲೈವುಡ್ ಆಗಬಹುದು, ಹಳೆಯ ಕಪಾಟಿನ ಬಾಗಿಲೂ ಆಗಬಹುದು. ನುಣುಪು ಮೈ ಮರಿಯ ಕಡೆಗಿರಲಿ, ಮೇಲಿನ ಅಂಚು ನಿಮ್ಮ ಮೊಣಕಾಲಿಗಿಂತ ಮೇಲೆ ಬರಲಿ, ಕೆಳಗೆ ಒಂದು ಬೆರಳೂ ತೂರದಂತೆ ನೆಲಕ್ಕೆ ಕೂತಿರಲಿ. ಮರಿಗಳು ಬೆಳೆದಂತೆ ನೆಗೆತವೂ ಹೆಚ್ಚುವುದರಿಂದ, ಎರಡು ತಿಂಗಳು ದಾಟಿದ ಮೇಲೆ ಈ ಎತ್ತರ ಸಾಲದು. ಹಲಗೆಯನ್ನು ಮೆಟ್ಟಿಲಿನ ಬುಡದಲ್ಲಿಯೂ ತಲೆಯಲ್ಲಿಯೂ ಇಡಬೇಕು. ಬುಡದಲ್ಲಿ ಮಾತ್ರ ಇಟ್ಟು, ರಾತ್ರಿ ಮಾತ್ರ ಮರಿಯನ್ನು ಮಹಡಿಯ ಕೋಣೆಯಲ್ಲಿ ಮಲಗಿಸುವವರಿಗೆ ನಾನು ಏನೆಂದು ಹೇಳಲಿ? ಚಿಕ್ಕ ಮಕ್ಕಳಿಗೆಂದು ಮಾರುವ ಕಂಬಿಯ ಗೇಟು ಇದ್ದರೆ ಅದೂ ಆದೀತು, ಆದರೆ ಅದರ ಸಂದಿಗಳು ಮಗುವಿನ ತಲೆಯ ಅಳತೆಗೆ ಮಾಡಿದವು. ಮರಿಯ ತಲೆ ತೂರಿದರೆ ಮೈ ತಾನಾಗಿ ತೂರುತ್ತದೆ. ಮೂರು ಬೆರಳು ಜೋಡಿಸಿ ತೂರಿಸಿ ನೋಡಿ, ಹೋದರೆ ಮರಿಯೂ ಹೋಗುತ್ತದೆ ಎಂದು ತಿಳಿಯಿರಿ. ಕೈಪಿಡಿಯ ಕಂಬಿಗಳಿಗೂ ಇದೇ ಪರೀಕ್ಷೆ. ಅಲ್ಲಿ ಗಟ್ಟಿ ರಟ್ಟನ್ನು ಒಳಬದಿಯಿಂದ ಒತ್ತಿಟ್ಟು, ಗಂಟುಗಳು ಹೊರಬದಿಗೆ ಬರುವಂತೆ ಸುತಲಿಯಿಂದ ಬಿಗಿದರೆ ಸಾಕು. ಗಂಟು ಒಳಗಿದ್ದರೆ ಮರಿಗಳಿಗೆ ಅದೇ ಆಟ, ದಾರ ನುಂಗಿದರೆ ಅದೇ ಕಂಟಕ. ಮೆಟ್ಟಿಲಿನ ಹಿಂಬದಿ ತೆರೆದಿದ್ದರೆ ಅಲ್ಲಿಗೂ ರಟ್ಟು ಬೇಕು.

ಇನ್ನು ನಾನು ಪ್ರಮಾಣ ಮಾಡಿ ಹೇಳುವ ಉಪಾಯ, ಕೆಳಗಿನ ಮೂರು ಮೆಟ್ಟಿಲಿನ ಪಾಠ. ಇದನ್ನು ಮನೆಯವರು ಅಜ್ಜಿಯ ಮೆಟ್ಟಿಲು ಶಾಲೆ ಎಂದು ನಗುತ್ತಾರೆ, ನಗಲಿ. ಮರಿಗೆ ಏಳು ವಾರ ತುಂಬಿ, ನೆಲದ ಮೇಲೆ ಓಡುವಾಗ ಹಿಂಗಾಲು ಜಾರದಿರುವಷ್ಟು ಗಟ್ಟಿಯಾದ ಮೇಲೆ ಇದನ್ನು ಆರಂಭಿಸಬೇಕು. ಮೊದಲು ಒಂದು ಹಳೆಯ ಗೋಣಿಚೀಲವನ್ನು ಬಿಚ್ಚಿ, ಚೆನ್ನಾಗಿ ಕೊಡವಿ, ತೊಳೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ. ಮೆಟ್ಟಿಲಿನ ಅಗಲಕ್ಕೆ ಮೂರು ತುಂಡು ಕತ್ತರಿಸಿ, ಪ್ರತಿ ತುಂಡಿನ ಅಂಚನ್ನು ಎರಡು ಬೆರಳಿನಷ್ಟು ಒಳಕ್ಕೆ ಮಡಚಿ, ಒತ್ತೊತ್ತಾಗಿ ಹೊಲಿಯಿರಿ. ಹೊಲಿಯದೆ ಹಾಗೆಯೇ ಹಾಸಿದರೆ ಎಳೆಗಳು ಬಿಟ್ಟುಕೊಂಡು ಉಗುರಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಉಗುರು ಸಿಕ್ಕಿದ ಮರಿ ಗಾಬರಿಯಿಂದ ಎಳೆದುಕೊಂಡು ಬೀಳುತ್ತದೆ, ಮತ್ತೆ ಆ ಮೆಟ್ಟಿಲಿನತ್ತ ತಲೆ ಹಾಕುವುದಿಲ್ಲ. ಕುಣಿಕೆ ಕುಣಿಕೆಯಾಗಿರುವ ನೆಲಹಾಸನ್ನೂ ಇದೇ ಕಾರಣಕ್ಕೆ ಬಳಸಬೇಡಿ. ತುಂಡನ್ನು ಹಾಸುವಾಗ ಅದರ ಮುಂದಿನ ಅಂಚು ಮೆಟ್ಟಿಲಿನ ಮೂಗಿನಿಂದ ಕೆಳಕ್ಕೆ ನಾಲ್ಕು ಬೆರಳಿನಷ್ಟು ಇಳಿದಿರಬೇಕು, ಮರಿಯ ಪಾದ ಜಾರುವುದು ಅಲ್ಲಿಯೇ. ಎರಡು ಬದಿಗೂ ಅಗಲವಾದ ಅಂಟುಪಟ್ಟಿ ಹಾಕಿ ಒತ್ತಿ, ನಿಮ್ಮ ಅಂಗೈಯಿಂದ ಜೋರಾಗಿ ಎಳೆದು ನೋಡಿ. ಕದಲಿದರೆ ಮತ್ತೆ ಹಾಕಿ. ಸೋಮಾರಿತನ ಮಾಡಬೇಡಿ.

ಆಮೇಲೆ ಬೇಕಾದದ್ದು ಅರೆಮೆಟ್ಟಿಲು. ಮೆಟ್ಟಿಲಿನ ಅರ್ಧ ಎತ್ತರದ ಒಂದು ಗಟ್ಟಿ ಪೆಟ್ಟಿಗೆಯನ್ನೋ ಮರದ ತುಂಡನ್ನೋ ಅದೇ ಗೋಣಿಯಲ್ಲಿ ಸುತ್ತಿ, ಕಡೆಯ ಮೆಟ್ಟಿಲಿಗೆ ತಾಗಿಸಿ, ಗೋಡೆಯ ಪಕ್ಕದಲ್ಲಿ ಇಡಬೇಕು. ಗೋಡೆಯ ಪಕ್ಕ ಎಂದರೆ ಗೋಡೆಯ ಪಕ್ಕವೇ. ಮರಿಯು ಒಮ್ಮೆ ಗೋಡೆಗೆ ಮೈ ಒರಸಿಕೊಂಡು ಇಳಿಯಲು ಕಲಿತರೆ ಬೆಳೆದ ಮೇಲೂ ಹಾಗೆಯೇ ಇಳಿಯುತ್ತದೆ, ತೆರೆದ ಬದಿಗೂ ಹೋಗುವುದಿಲ್ಲ, ನಿಮ್ಮ ಕಾಲಿಗೂ ಸಿಗುವುದಿಲ್ಲ. ಪೆಟ್ಟಿಗೆ ಖಾಲಿಯಾಗಿದ್ದರೆ ಒಳಗೆ ಮರಳಿನ ಚೀಲ ತುಂಬಿ. ನಿಮ್ಮ ಒಂದು ಕಾಲನ್ನು ಅದರ ಮೇಲೆ ಊರಿದರೆ ಅಲುಗಾಡಬಾರದು.

ಪಾಠಕ್ಕೆ ಹೊತ್ತು ಊಟಕ್ಕೆ ಮುಂಚೆ. ಅರೆಹಸಿವಿನ ಮರಿ ಕಲಿಯುತ್ತದೆ, ಹೊಟ್ಟೆ ತುಂಬಿದ ಮರಿ ನಿದ್ದೆ ಮಾಡುತ್ತದೆ, ಪೂರ್ತಿ ಹಸಿದ ಮರಿ ಕಣ್ಣು ಮುಚ್ಚಿಕೊಂಡು ನೆಗೆಯುತ್ತದೆ. ಬಟ್ಟಲನ್ನು ನೆಲದ ಮೇಲೆ, ಅರೆಮೆಟ್ಟಿಲಿನಿಂದ ಒಂದು ಮೊಳ ದೂರದಲ್ಲಿಡಿ. ಬುಡಕ್ಕೇ ಒತ್ತಿಟ್ಟರೆ ಅದರೊಳಗೇ ಹಾರುತ್ತದೆ. ಮರಿಯನ್ನು ಕೆಳಗಿನಿಂದ ಮೊದಲನೆಯ ಮೆಟ್ಟಿಲಿನಲ್ಲಿ ಕೂರಿಸಿ, ಬಟ್ಟಲಿನ ವಾಸನೆ ಅದರ ಮೂಗಿಗೆ ತಲುಪುವವರೆಗೆ ಕಾಯಿರಿ. ಅದು ಮುಂಗಾಲು ಇಳಿಸಲು ಹೊರಟಾಗ ನಿಮ್ಮ ಅಂಗೈಯನ್ನು ಎದೆಯ ಕೆಳಗೆ, ತಾಗಿಯೂ ತಾಗದಂತೆ ಇಡಬೇಕು. ಎತ್ತಬಾರದು, ಎಳೆಯಬಾರದು, ಹಿಂದಿನಿಂದ ತಳ್ಳಲಂತೂ ಬಾರದು. ಮುಂಗಾಲೆರಡೂ ಅರೆಮೆಟ್ಟಿಲಿಗೆ ಊರಿದ ಮೇಲೆ ಅದು ಒಂದು ಕ್ಷಣ ನಿಂತು ಯೋಚಿಸುತ್ತದೆ. ಈ ಕ್ಷಣದಲ್ಲಿಯೇ ಎಲ್ಲರೂ ತಾಳ್ಮೆ ಕಳೆದುಕೊಂಡು ಎತ್ತಿ ಕೆಳಗಿಡುವುದು. ಬಿಡಿ, ಯೋಚಿಸಲಿ. ಹಿಂಗಾಲನ್ನು ತಾನಾಗಿ ಮುಂಗಾಲಿನ ಹತ್ತಿರಕ್ಕೆ ತಂದುಕೊಂಡು ಮೈ ಕುಗ್ಗಿಸಿ, ಮತ್ತೆ ಮುಂಗಾಲು ನೆಲಕ್ಕೆ ಹಾಕುತ್ತದೆ. ಇಷ್ಟಾದರೆ ಆ ಹೊತ್ತಿನ ಪಾಠ ಮುಗಿಯಿತು. ಹೊತ್ತಿಗೆ ಮೂರು ಸಲಕ್ಕಿಂತ ಹೆಚ್ಚು ಬೇಡ.

ಒಂದನೆಯ ಮೆಟ್ಟಿಲನ್ನು ಎರಡು ದಿನ ಅಂಗೈಯ ಸಹಾಯವಿಲ್ಲದೆ ಇಳಿದ ಮೇಲೆ ಎರಡನೆಯದಕ್ಕೆ ಹೋಗಿ, ಆಗ ಅರೆಮೆಟ್ಟಿಲನ್ನು ಮೊದಲ ಮೆಟ್ಟಿಲಿನ ಮೇಲಕ್ಕೆ ಎತ್ತಿಡಿ. ಮೂರನೆಯದೂ ಹಾಗೆಯೇ. ಮೂರು ಕಲಿತ ಮರಿಗೆ ಹದಿಮೂರನ್ನು ಬೇರೆಯಾಗಿ ಕಲಿಸಬೇಕಿಲ್ಲ, ಆದರೂ ಮೊದಲ ನಾಲ್ಕು ದಿನ ನೀವು ಎರಡು ಮೆಟ್ಟಿಲು ಕೆಳಗೆ ನಿಂತು ಜೊತೆಗೆ ಇಳಿಯಿರಿ. ನನ್ನ ಸೊಸೆ ಇದನ್ನೆಲ್ಲ ಅತಿ ಎಂದಳು. ಅವಳೇ ಸಾಕಿದ ಮೂರು ಬಣ್ಣದ ಮರಿಯು ಬಾಯಲ್ಲಿ ಚೆಂಡು ಕಚ್ಚಿಕೊಂಡು ಗೋಡೆಯ ಪಕ್ಕದಲ್ಲಿ ಟಪಟಪನೆ ಇಳಿದು ಬಂದ ದಿನದಿಂದ ಅವಳು ಆ ಮಾತು ಆಡಿಲ್ಲ.

ಮೆಟ್ಟಿಲನ್ನು ಒರೆಸುವ ರೀತಿಯ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನೂ ಯಾರೂ ಸರಿಯಾಗಿ ಮಾಡುವುದಿಲ್ಲ. ಮೇಲಿನಿಂದ ಕೆಳಕ್ಕೆ, ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಬೇಕು, ನೀರು ಸುರಿದು ತಳ್ಳುವುದಲ್ಲ. ಮರಿಯಿರುವ ಮನೆಯಲ್ಲಿ ಫಿನೈಲ್ ಮುಟ್ಟಲೇಬೇಡಿ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅಂತಹ ದ್ರಾವಣಗಳ ವಿಷವನ್ನು ಕಳೆಯುವ ಶಕ್ತಿ ಬಹಳ ಕಡಿಮೆ, ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಬಿಸಿ ನೀರು, ಚೂರು ಸೋಪು, ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿದರೆ ಯಾವ ಮೆಟ್ಟಿಲೂ ಹೊಳೆಯುತ್ತದೆ. ಪೂರ್ತಿ ಒಣಗುವವರೆಗೆ ಹಲಗೆ ತೆಗೆಯಬೇಡಿ.

ಮೆಟ್ಟಿಲಿನಲ್ಲಿ ಮರಿಗಿಂತ ಮನುಷ್ಯರೂ ಕಡಿಮೆ ಅಪಾಯದವರಲ್ಲ. ಎದೆಯವರೆಗೆ ಒಗೆದ ಬಟ್ಟೆ ಹೊತ್ತುಕೊಂಡು ತಮ್ಮ ಪಾದವೇ ಕಾಣದೆ ಇಳಿಯುವವರು ಒಂದು ದಿನ ಮರಿಯನ್ನು ತುಳಿಯುತ್ತಾರೆ, ಇಲ್ಲವೇ ತಪ್ಪಿಸಲು ಹೋಗಿ ತಾವೇ ಉರುಳುತ್ತಾರೆ. ಒಂದು ಕೈ ಕೈಪಿಡಿಯ ಮೇಲಿರಲಿ, ರಾತ್ರಿ ಮೆಟ್ಟಿಲಿನ ದೀಪ ಉರಿಯಲಿ. ಮರಿಯ ಊಟ, ನೀರು, ಮಲವಿಸರ್ಜನೆಯ ತಟ್ಟೆ, ಹಾಸಿಗೆ ನಾಲ್ಕೂ ಒಂದೇ ಅಂತಸ್ತಿನಲ್ಲಿದ್ದರೆ ಅದು ಅನಾವಶ್ಯಕವಾಗಿ ಮೆಟ್ಟಿಲಿನತ್ತ ಬರುವುದಿಲ್ಲ. ತಾಯಿಬೆಕ್ಕಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ನಾನು ಹುಡುಗಿಯಾಗಿದ್ದಾಗ ಅಟ್ಟದಲ್ಲಿ ಈದ ಬೆಕ್ಕೊಂದು, ಮರಿಗಳಿಗೆ ಕಾಲು ಬಂದೊಡನೆ, ಒಂದೊಂದನ್ನೇ ಹಿಂಗತ್ತಿನಲ್ಲಿ ಕಚ್ಚಿಕೊಂಡು ಕೆಳಗಿನ ಕೋಣೆಯ ಮೂಲೆಗೆ ತಂದಿಟ್ಟಿತು. ನಾನು ಮತ್ತೆ ಅಟ್ಟಕ್ಕೆ ಹಾಕಿದೆ. ಅದು ಮತ್ತೆ ತಂದಿತು. ಮೂರು ಸಲವಾದ ಮೇಲೆ ನನ್ನ ತಾಯಿ ನನ್ನ ಕೈಯ ಮೇಲೊಂದು ಹೊಡೆದರು.

ಇಷ್ಟೆಲ್ಲ ಮಾಡಿಯೂ ಮರಿ ಬಿದ್ದರೆ ಮೊದಲು ಕಿರುಚಬೇಡಿ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲೋ ಬಾಯಲ್ಲೋ ರಕ್ತ, ವಸಡು ಬಿಳಿಚಿಕೊಳ್ಳುವುದು, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಅಳತೆಯಾಗಿರುವುದು, ಕಾಲೆಳೆಯುವುದು, ಎಬ್ಬಿಸಿದರೂ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ ಮರಿಯನ್ನು ಬಾಗಿಸದೆ ಗಟ್ಟಿ ರಟ್ಟಿನ ಮೇಲೆ ಸರಿಸಿ, ಬೆಚ್ಚಗೆ ಹೊದಿಸಿ, ಆ ಕ್ಷಣವೇ ಪಶುವೈದ್ಯರ ಬಳಿಗೆ ಒಯ್ಯಿರಿ. ಏನೂ ಕಾಣದಿದ್ದರೂ ಒಳಗಿನ ಪೆಟ್ಟು ತಡವಾಗಿ ತೋರಬಹುದು. ಒಂದು ಹಗಲು ಒಂದು ರಾತ್ರಿ ಊಟ, ಮೂತ್ರ, ನಡಿಗೆ ಗಮನಿಸಿ. ನಿಮ್ಮ ನೋವಿನ ಮಾತ್ರೆಯನ್ನು ಚೂರು ಮಾಡಿ ಕೊಡುವ ಕೆಲಸ ಮಾತ್ರ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣ ತೆಗೆಯುವ ವಿಷ.

ಹಲಗೆಗಳನ್ನು ಯಾವಾಗ ತೆಗೆಯಬೇಕೆಂದು ಕೇಳುವವರಿಗೆ ನಾನು ತಿಂಗಳು ಲೆಕ್ಕ ಹಾಕಿ ಹೇಳುವುದಿಲ್ಲ. ಹೆಚ್ಚಿನವು ಮೂರು ತಿಂಗಳಿನ ಹೊತ್ತಿಗೆ ಸಿದ್ಧವಾಗುತ್ತವೆ. ಮೇಲಿನ ಮೆಟ್ಟಿಲಿನಿಂದ ನಿಲ್ಲದೆ, ಕೂಗದೆ, ಗೋಡೆಯ ಪಕ್ಕದಲ್ಲಿ ನಾಲ್ಕು ದಿನ ಒಂದೇ ಸಮನೆ ಇಳಿದ ಮರಿಗೆ ಹಲಗೆ ಬೇಡ. ಮೊದಲು ಹಗಲಿನಲ್ಲಿ ತೆಗೆಯಿರಿ, ಒಂದು ವಾರ ಕಳೆದ ಮೇಲೆ ರಾತ್ರಿಯೂ. ಗೋಣಿಯ ತುಂಡುಗಳನ್ನು ಮಾತ್ರ ಬಿಸಾಡಬೇಡಿ, ಅಷ್ಟು ಹೊತ್ತಿಗೆ ಮರಿಯು ಅದರಲ್ಲಿ ಉಗುರು ಮಸೆಯುವ ರೂಢಿ ಮಾಡಿಕೊಂಡಿರುತ್ತದೆ. ಅದನ್ನು ಹಾಗೆಯೇ ಎತ್ತಿ ಒಂದು ಗಟ್ಟಿ ಕಂಬಕ್ಕೆ ಸುತ್ತಿ ಕಟ್ಟಿದರೆ, ನಿಮ್ಮ ಸೋಫಾ ಉಳಿಯುತ್ತದೆ.